ನೋಡಲ್ಪಟ್ಟಳು

ಈಚೆಗೆ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗಿಂತ ಮಾರ್ಕರ್ ಪೆನ್ನಿನ ಘಾಟೇ ಜಾಸ್ತಿ. ಮೂಗಿಗೆ ಬಡಿದರೆ ಎರಡು ದಿನ ಅಲ್ಲೇ ಮನೆ ಮಾಡುವಂಥ ಸ್ಪಿರಿಟ್ಟಿನ ಘಾಟು. ಕಾರಣ, ನನ್ನ ತಂಗಿಯ ಮಗಳು ಚೈತ್ರಾ ಹರಿಹರದಿಂದ ಬಂದು ದಾವಣಗೆರೆಯ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಾಳೆ. ಎಂ.ಎ. ಇಂಗ್ಲಿಷ್ ಮುಗಿಸಿದ ಹುಡುಗಿ. ಇಂಗ್ಲಿಷ್ ಕಲಿತದ್ದಾಯಿತು, ಈಗ ಇಂಗ್ಲಿಷ್ ಕಲಿಸುವುದನ್ನು ಕಲಿಯುತ್ತಿದ್ದಾಳೆ. ಅದಕ್ಕೂ ಒಂದು ಕೋರ್ಸು ಉಂಟಂತೆ. ಮುಂದೆ ಅದನ್ನು ಕಲಿಸುವವರಿಗೆ ಕಲಿಸುವ ಕೋರ್ಸೂ ಬರಬಹುದು, ಕಾದು ನೋಡೋಣ.

ಆ ಕೋರ್ಸಿನ ಮಹಿಮೆಯಿಂದ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಹಳದಿ ಚೀಟಿ ಬಂದು ಕೂತಿದೆ: ‘ನೌನ್, ಕೌಂಟಬಲ್.’ ಸಕ್ಕರೆ ಡಬ್ಬಿಯ ಮೇಲೆ ‘ನೌನ್, ಅನ್‌ಕೌಂಟಬಲ್.’ ಸಕ್ಕರೆಯನ್ನು ಎಣಿಸಲು ಬರುವುದಿಲ್ಲ ಎಂದು ತಿಳಿಯಲು ಅಷ್ಟು ದೂರದ ಭಾಷೆಯೇ ಬೇಕಾಯಿತೇ? ನಮ್ಮ ಓಣಿಯ ಇರುವೆಗೂ ಅದು ಗೊತ್ತು. ಮಿಕ್ಸಿಯ ಮೇಲೆ ‘ಗ್ರೈಂಡ್, ಟ್ರಾನ್ಸಿಟಿವ್ ವರ್ಬ್’ ಎಂದಿದೆ. ಚಟ್ನಿ ರುಬ್ಬುವಾಗಲೆಲ್ಲ ಆ ಚೀಟಿ ಗಡಗಡ ನಡುಗುತ್ತದೆ. ನನ್ನ ಯಜಮಾನರು ಕನ್ನಡಕ ಏರಿಸಿ ಎಲ್ಲವನ್ನೂ ಒಂದು ಸುತ್ತು ಓದಿ ಬಂದು, ‘ನನಗೂ ಒಂದು ಅಂಟ್ಸವ್ವ ಚೈತ್ರಾ. ಈ ಮನ್ಯಾಗೆ ನಾನು ಯಾವುದು ಅಂತ ನನಗೂ ಗೊತ್ತಾಗ್ಲಿ’ ಎಂದರು. ಅವಳು ನಕ್ಕಳು. ನಾನು ನಗಲಿಲ್ಲ. ವ್ಯಾಕರಣದ ಈ ಹೆಸರುಗಳನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ತಾಳಿ.

ಕೋರ್ಸಿನಲ್ಲಿ ಅವಳು ನಿಜವಾದ ಜನರಿಗೆ ಪಾಠ ಮಾಡಿ ತೋರಿಸಬೇಕಿತ್ತು. ಪುಕ್ಕಟೆ ಪಾಠ ಅಂದರೂ ಜನ ಸಿಗದ ಕಾಲ ಇದು. ‘ದೊಡ್ಡಮ್ಮ, ನೀವು ಬರ್ಲೇಬೇಕು. ಬೆಂಚು ಖಾಲಿ ಇದ್ರೆ ನನ್ನ ಕಥೆ ಮುಗೀತು’ ಎಂದು ಗೋಗರೆದಳು. ಚೌಕಿಪೇಟೆಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ ಇದೆ, ಅಪ್ಪನ ಕಾಲದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಅವತ್ತು ಮಧ್ಯಾಹ್ನ ಶಟರ್ ಎಳೆದು ಹೋದೆ. ವಿದ್ಯಾನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ. ಕೆಲವರು ಗೃಹಿಣಿಯರು, ಒಬ್ಬ ರೈಸ್‌ಮಿಲ್ ಸೂಪರ್‌ವೈಸರ್, ಬಾತಿಯಿಂದ ಬಸ್ಸು ಹಿಡಿದು ಬಂದಿದ್ದ ಹಾಲಮ್ಮ ಎಂಬ ಹೆಣ್ಣುಮಗಳು. ಹಾಲಮ್ಮ ಊರಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳ ಶಾಲೆಯಲ್ಲಿ ಟೀಚರು ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥವಾಗಲಿ ಎಂದು ಬಂದಿದ್ದಳು. ಹಿಂದಿನ ಕುರ್ಚಿಯಲ್ಲಿ ಚೈತ್ರಾಳಿಗೆ ಅಂಕ ಕೊಡುವ ಮೇಡಂ.

ಚೈತ್ರಾ ಬೋರ್ಡಿನ ತುಂಬ ಗೆರೆ ಎಳೆದಳು. ಒಂದು ಮನೆಯಲ್ಲಿ ಟ್ರಾನ್ಸಿಟಿವ್, ಇನ್ನೊಂದರಲ್ಲಿ ಇನ್‌ಟ್ರಾನ್ಸಿಟಿವ್, ಕೆಳಗೆ ಮೋಡಲ್, ಪಕ್ಕದಲ್ಲಿ ಡಿಟರ್ಮಿನರ್. ಪಂಚಾಂಗದ ಹಾಗೆ ಕಾಣುತ್ತಿತ್ತು. ಅರ್ಧ ಪಾಠ ಗೆರೆ ಎಳೆಯುವುದರಲ್ಲೇ ಹೋಯಿತು. ಆಮೇಲೆ ತಿರುಗಿ, ‘ಟ್ರಾನ್ಸಿಟಿವ್ ವರ್ಬ್ ಅಂದ್ರೆ ಏನು? ಯಾರು ಹೇಳ್ತೀರಾ?’ ಎಂದು ಕೇಳಿದಳು. ಎಲ್ಲರೂ ಬೋರ್ಡಿನ ಗೆರೆಗಳನ್ನೇ ನೋಡಿದರು. ‘ನೀವು ಹೇಳಿ’ ಎಂದು ಹಾಲಮ್ಮನ ಕಡೆಗೆ ಮಾರ್ಕರ್ ಚಾಚಿದಳು.

ಹಾಲಮ್ಮ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತ, ತಪ್ಪು ಮಾಡಿದವಳ ಹಾಗೆ ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ನನಗೆ ಅಲ್ಲಿ ಕೂರಲು ಆಗಲಿಲ್ಲ. ‘ಅಂಗಡಿ ಐತೆ’ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ.

ಸಂಜೆ ಚೈತ್ರಾ ಮನೆಗೆ ಬಂದವಳೇ ಚೀಲವನ್ನು ಸೋಫಾದ ಮೇಲೆ ಒಗೆದಳು. ‘ಮೇಡಂ ಫೇಲ್ ಅಂದ್ರು. ಇನ್ನೊಂದೇ ಅವಕಾಶ ಅಂತೆ. ಹೊರಗಿನೋರು ಇರ್ಲಿ, ನೀವೇ ಎದ್ದು ಹೋದ್ರಲ್ಲ ದೊಡ್ಡಮ್ಮ! ಯಾಕೆ?’

‘ಆ ಬಾತಿ ಹೆಣ್ಣುಮಗಳನ್ನ ಯಾಕ ನಿಲ್ಲಿಸಿದೆ?’

‘ನಿಲ್ಲಿಸ್ಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಅಷ್ಟೆ.’

‘ಅಷ್ಟೆ ಅಂದೋರು ನನ್ನೂ ಒಂದ್ಸಲ ನಿಲ್ಲಿಸಿದ್ರು. ಕೂಡು ಇಲ್ಲಿ’ ಎಂದೆ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಕಾಲ. ಓದಿದ್ದು ಕನ್ನಡ ಮೀಡಿಯಂ. ಕಾಲೇಜಿಗೆ ಬಂದ ಮೇಲೆ ಪುಸ್ತಕಗಳು ಇಂಗ್ಲಿಷಿಗೆ ತಿರುಗಿದವು, ನಾವು ತಿರುಗಲಿಲ್ಲ. ಉರು ಹೊಡೆದು ಪಾಸಾದೆವು. ಆಗ ಗೌರಕ್ಕ ಎಂಬ ದೂರದ ನೆಂಟರಾಕೆ ಒಂದು ಸಂಬಂಧ ತಂದಳು. ಗೌರಕ್ಕನ ಕಸುಬೇ ಅದು. ಯಾರ ಮನೆಯಲ್ಲಿ ಹುಡುಗಿಗೆ ಹದಿನೆಂಟು ತುಂಬಿದರೂ ಮೊದಲು ಗೊತ್ತಾಗುವುದು ಆಕೆಗೆ.

‘ಹರಿಹರದ ಮನೆತನ. ಹುಡುಗ ಇಂಜಿನಿಯರು. ಹೊಳೆ ದಂಡೀಗೆ ಮನೆ ಐತೆ, ಹೊಲ ಐತೆ, ಅತ್ತೆ ಬಾಯಿ ಸತ್ತೋಳು’ ಎಂದು ಪಟ್ಟಿ ಒಪ್ಪಿಸಿ, ಕಾಫಿ ಕುಡಿದು, ಕೊನೆಗೆ ದನಿ ಇಳಿಸಿದಳು. ‘ಒಂದೇ ಒಂದು ತೊಡಕು. ಹುಡುಗನ ಸೋದರಮಾವ ಇಂಗ್ಲಿಷ್ ಲೆಕ್ಚರರು. ಅವ್ರು ಹೂಂ ಅನ್ನದೆ ಆ ಮನ್ಯಾಗೆ ಒಲೆ ಹತ್ತಲ್ಲ. ಹುಡುಗೀಗೆ ಗ್ರಾಮರ್ ಕೇಳ್ತಾರಂತೆ.’

ಅಪ್ಪನ ಮುಖ ಸಣ್ಣದಾಯಿತು. ‘ಎಷ್ಟು ಗ್ರಾಂ ಕೇಳ್ತಾರಂತೆ? ಹೇಳಿಬಿಡವ್ವ, ಆದ್ರೆ ಆಗುತ್ತೆ, ಇಲ್ಲಾಂದ್ರೆ ಇಲ್ಲ.’

‘ಬಂಗಾರದ ಗ್ರಾಂ ಅಲ್ಲೋ ಮಾರಾಯ! ಇಂಗ್ಲಿಷ್ ಗ್ರಾಮರು!’

ಅಪ್ಪನಿಗೆ ಒಂದು ಕ್ಷಣ ಸಮಾಧಾನವಾಗಿ, ಮರುಕ್ಷಣ ಮೊದಲಿಗಿಂತ ಹೆಚ್ಚು ಗಾಬರಿಯಾಯಿತು. ಬಂಗಾರವಾದರೆ ಸಾಲಕ್ಕಾದರೂ ಸಿಗುತ್ತದೆ. ಇದನ್ನು ಎಲ್ಲಿಂದ ತರುವುದು? ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ‘ಹಾಡು ಅಂತಾರೆ, ನಡೆದು ತೋರ್ಸು ಅಂತಾರೆ, ಕೂದಲು ಬಿಚ್ಚಿ ನೋಡ್ತಾರೆ, ಅದೆಲ್ಲ ಕೇಳಿದ್ದೆ. ಇದ್ಯಾವುದು ಹೊಸಾದು ರೋಗ?’ ಎಂದಳು.

ರೋಗವೋ ಏನೋ, ಮದ್ದು ಹುಡುಕಲೇಬೇಕಲ್ಲ. ಅಪ್ಪ ರುದ್ರಮುನಿ ಮೇಷ್ಟ್ರನ್ನು ಗೊತ್ತುಮಾಡಿದರು. ದಿನಾ ಸಂಜೆ ಮನೆಗೆ ಬಂದು ಪಾಠ. ‘ಓಹೋ, ಮೇಷ್ಟ್ರು, ಹುಡುಗಿ, ಸಂಜೆಯ ಪಾಠ’ ಎಂದು ನೀವು ಮನಸ್ಸಿನಲ್ಲೇ ಕಥೆ ಕಟ್ಟತೊಡಗಿದ್ದರೆ ದಯವಿಟ್ಟು ನಿಲ್ಲಿಸಿ. ಮೇಷ್ಟ್ರು ರಿಟೈರಾಗಿ ಎಷ್ಟೋ ಕಾಲವಾಗಿತ್ತು. ಮೂಗಿನ ಎರಡೂ ಹೊಳ್ಳೆ ನಶ್ಯದಿಂದ ಕಂದಾಗಿದ್ದವು. ಸೀನಿದರೆ ನಮ್ಮ ಬೆಕ್ಕು ಅಟ್ಟಕ್ಕೆ ಹಾರುತ್ತಿತ್ತು.

ಅವರು ಕಲಿಸುವ ರೀತಿ ಮಗ್ಗಿ ಹೇಳಿಸುವ ರೀತಿ. ಮಾತಿನ ಭಾಗಗಳು ಎಂಟು. ಆ ಎಂಟರ ಹೆಸರು, ಪ್ರತಿಯೊಂದರ ವ್ಯಾಖ್ಯೆ, ಪ್ರತಿ ವ್ಯಾಖ್ಯೆಗೆ ಮೂರು ಉದಾಹರಣೆ. ‘ಎ ನೌನ್ ಈಸ್ ದಿ ನೇಮ್ ಆಫ್ ಎ ಪರ್ಸನ್, ಪ್ಲೇಸ್ ಆರ್ ಥಿಂಗ್’ ಎಂದು ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತ ಒದರುವುದು, ನನ್ನ ತಂಗಿ ಪುಸ್ತಕ ಹಿಡಿದು ತಪ್ಪು ಹಿಡಿಯುವುದು. ಇದೇ ಚೈತ್ರಾಳ ತಾಯಿ. ಅವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಮೇಷ್ಟ್ರನ್ನೇ ಕೇಳಿದಳು: ‘ನೌನು ಅಂದ್ರೆ ಹೆಸರು. ವರ್ಬು ಅಂದ್ರೆ ಕೆಲ್ಸ. ಹೌದಲ್ರಿ?’

‘ಹೌದು ತಾಯಿ, ಭೇಷ್.’

‘ಹಂಗಾರೆ ಈ ಮನ್ಯಾಗೆ ವರ್ಬು ನಾನೊಬ್ಳೇ. ಉಳಿದೋರೆಲ್ಲ ಬರೀ ಹೆಸರಿಗೆ.’

ಮೇಷ್ಟ್ರು ನಕ್ಕು, ಸೀನಿ, ಮುಂದಿನ ವ್ಯಾಖ್ಯೆಗೆ ಹೋದರು. ಅಷ್ಟು ಚೆನ್ನಾದ ಮಾತು ಆ ಒಂದು ತಿಂಗಳಲ್ಲಿ ಅವರ ಪಾಠದಲ್ಲಿ ಬಂದದ್ದಿಲ್ಲ. ನಾನೂ ಒಮ್ಮೆ ಕೇಳಿದೆ: ‘ಮೇಷ್ಟ್ರೇ, ನನಗೆ ಇಷ್ಟ ಇಲ್ಲ ಅನ್ನೋದಕ್ಕೆ ಇಂಗ್ಲಿಷ್‌ನಾಗೆ ಹೆಂಗಂತಾರೆ?’ ಅವರು ನಶ್ಯದ ಡಬ್ಬಿ ಮುಚ್ಚಿ, ಗಂಭೀರವಾಗಿ, ‘ಅದು ಸಿಲಬಸ್ಸಿನಾಗೆ ಇಲ್ಲಮ್ಮ’ ಎಂದರು.

ಹರಿಹರದವರು ಒಂದು ಭಾನುವಾರ ಬಂದರು. ಉಪ್ಪಿಟ್ಟು, ಕೇಸರಿಬಾತು, ಮಂಡಕ್ಕಿ, ಮಿರ್ಚಿ ಎಲ್ಲ ತಯಾರು. ವ್ಯಾನಿನಿಂದ ಮೊದಲು ಇಳಿದವರು ಆ ಸೋದರಮಾವ, ಸಿದ್ದಲಿಂಗಪ್ಪನವರು. ಬೂದು ಬಣ್ಣದ ಸಫಾರಿ, ಜೇಬಿನಲ್ಲಿ ಕೆಂಪು, ನೀಲಿ ಎರಡು ಪೆನ್ನು. ಹೆಣ್ಣು ನೋಡಲು ಬರುವಾಗ ಕೆಂಪು ಪೆನ್ನು ಯಾಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರ ಹಿಂದೆ ಅವರ ಅಕ್ಕ, ಭಾವ. ಎಲ್ಲರಿಗಿಂತ ಕೊನೆಗೆ, ಯಾರೋ ಮರೆತು ಬಿಟ್ಟುಹೋದ ಛತ್ರಿಯ ಹಾಗೆ, ಹುಡುಗ.

‘ಬರ್ರಿ, ಕೂಡ್ರಿ’ ಎಂದು ಅಪ್ಪ ಹತ್ತು ಸಲ ಅಂದರು. ಸಿದ್ದಲಿಂಗಪ್ಪನವರು ಅಪ್ಪನ ಕುರ್ಚಿಯನ್ನೇ ಆರಿಸಿಕೊಂಡು ಕೂತರು. ನಾನು ತಟ್ಟೆ ಹಿಡಿದು ಬಂದೆ. ಎಲ್ಲರಿಗೂ ಕೊಟ್ಟಾದ ಮೇಲೂ ಕೂತ್ಕೋ ಎಂದು ಯಾರೂ ಅನ್ನಲಿಲ್ಲ. ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತೆ.

‘ವಾಟ್ ಈಸ್ ಎ ಪ್ರಿಪೊಸಿಷನ್?’ ಎಂದರು, ಹೆಸರು ಕೂಡ ಕೇಳದೆ.

ನಾನು ಒಪ್ಪಿಸಿದೆ.

‘ಎಗ್ಸಾಂಪಲ್ಸ್?’

‘ಇನ್, ಆನ್, ಅಂಡರ್.’

‘ಹ್ಞೂಂ. ಅಡ್‌ವರ್ಬ್?’

ಅದನ್ನೂ ಒಪ್ಪಿಸಿದೆ. ಅವರು ಒಂದು ಪ್ರಶ್ನೆಗೆ ಒಂದು ತುತ್ತಿನಂತೆ ಉಪ್ಪಿಟ್ಟು ತಿನ್ನುತ್ತಿದ್ದರು. ಕೆಳತುಟಿಯ ಮೇಲೆ ಒಂದು ಸಾಸಿವೆ ಕಾಳು ಅಂಟಿಕೊಂಡು, ಅವರು ‘ಕಂಜಂಕ್ಷನ್’ ಅಂದಾಗ ಮೇಲೆ, ‘ಇಂಟರ್‌ಜೆಕ್ಷನ್’ ಅಂದಾಗ ಕೆಳಗೆ ಓಡಾಡುತ್ತಿತ್ತು. ಹುಡುಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ನಮ್ಮ ಅಂಗಡಿಯದೇ ಕ್ಯಾಲೆಂಡರು, ಕೊಡಪಾನ, ಹಂಡೆಗಳ ಚಿತ್ರ ಇದ್ದದ್ದು. ಅಷ್ಟು ಹೊತ್ತು ಆ ಹಂಡೆಯನ್ನು ನೋಡಿದ ಗಿರಾಕಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಓರೆಗಣ್ಣಿನಿಂದ ಅಪ್ಪನ ಕಡೆ ನೋಡಿದೆ. ಅವರ ತುಟಿ ನನ್ನ ಉತ್ತರದ ಜೊತೆಜೊತೆಗೇ ಅಲುಗುತ್ತಿತ್ತು. ತಿಂಗಳು ಪೂರ್ತಿ ಕೇಳಿಕೇಳಿ, ನಾಲ್ಕನೇ ಕ್ಲಾಸು ಓದಿದ ಅವರಿಗೂ ಎಲ್ಲ ಬಾಯಿಗೆ ಬಂದುಬಿಟ್ಟಿತ್ತು. ನಾನು ಎಲ್ಲಿ ತಪ್ಪುತ್ತೇನೋ ಎಂದು ಅವರ ಹಣೆಯಲ್ಲಿ ಬೆವರು. ಅದನ್ನು ಕಂಡು ನನಗೆ ಮೊದಲ ಸಲ ಸಿಟ್ಟು ಬಂತು.

‘ಕೊನೇ ಪ್ರಶ್ನೆ’ ಎಂದರು ಸಿದ್ದಲಿಂಗಪ್ಪನವರು. ‘ದಿ ಬಾಯ್ ಸಾ ದಿ ಗರ್ಲ್. ಪ್ಯಾಸಿವ್ ವಾಯ್ಸಿಗೆ ಬದಲಾಯಿಸು.’

‘ದಿ ಗರ್ಲ್ ವಾಸ್ ಸೀನ್ ಬೈ ದಿ ಬಾಯ್.’

‘ಬಾಯಿಪಾಠ ಮಾಡಿದ್ದೋ, ಅರ್ಥ ಆಗಿರೋದೋ? ಕನ್ನಡದಾಗೆ ಹೇಳು ನೋಡಾಣ.’

‘ಹುಡುಗನಿಂದ ಹುಡುಗಿ...’ ಎಂದು ಶುರುಮಾಡಿ ನಿಂತೆ. ಆಮೇಲೆ ಕ್ರಿಯಾಪದವನ್ನು ಹೇಗೋ ನೂಕಿದೆ: ‘ನೋಡಲ್ಪಟ್ಟಳು.’

ನೀವೇ ಯೋಚಿಸಿ. ದಾವಣಗೆರೆಯಲ್ಲಿ ಯಾರಾದರೂ ‘ನನ್ನಿಂದ ಬೆಣ್ಣೆದೋಸೆ ತಿನ್ನಲ್ಪಟ್ಟಿತು’ ಎಂದದ್ದನ್ನು ಕೇಳಿದ್ದೀರಾ? ನಮ್ಮ ಬಾಯಿಗೆ ಅದು ಬರುವುದೇ ಇಲ್ಲ. ನಾವು ಪಡುವುದು ಕಷ್ಟ, ಪಡುವುದು ಸಂಕಟ. ಅದರ ಪಕ್ಕಕ್ಕೆ ಈಗ ನಾನು ನೋಡಲ್ಪಡುವುದೂ ಬಂದು ನಿಂತಿತು. ಅದಕ್ಕಿಂತ ಹೇಸಿಗೆಯೆಂದರೆ, ಆ ವಾಕ್ಯ ಶುದ್ಧ ಸುಳ್ಳು. ಹುಡುಗ ಹುಡುಗಿಯನ್ನು ನೋಡಿರಲೇ ಇಲ್ಲ. ಅವನು ನೋಡಿದ್ದು ಹಂಡೆ.

‘ವೆರಿ ಗುಡ್. ಹುಡುಗಿ ಪಾಸು’ ಎಂದರು ಸಿದ್ದಲಿಂಗಪ್ಪನವರು. ಒಳಗೆ ಅವ್ವ ನಿಟ್ಟುಸಿರು ಬಿಟ್ಟದ್ದು ಪಡಸಾಲೆಗೂ ಕೇಳಿತು. ಅಪ್ಪ ಟವೆಲಿನಿಂದ ಹಣೆ ಒರೆಸಿಕೊಂಡು ನಕ್ಕರು.

ನಾನು ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟು, ನೇರ ಹುಡುಗನ ಕಡೆ ತಿರುಗಿ ಕೇಳಿದೆ: ‘ನಿಮಗ ನಾನು ಒಪ್ಪಿಗೆನೇನ್ರಿ?’

ಮಂಡಕ್ಕಿ ಅಗಿಯುವ ಸದ್ದೂ ನಿಂತಿತು. ಹುಡುಗ ಹಂಡೆಯಿಂದ ಕಣ್ಣು ತೆಗೆದ. ನನ್ನ ಕಡೆ ನೋಡಲಿಲ್ಲ, ಮಾವನ ಕಡೆ ನೋಡಿದ.

‘ಒಪ್ಪಿಗೆ ಐತಮ್ಮ, ಐತೆ’ ಎಂದರು ಮಾವ.

‘ಯಾರಿಗೆ?’ ಎಂದೆ.

‘ನಮಗೆ.’

‘ನಾನು ಕೇಳಿದ್ದು ಅವರನ್ನ.’

‘ಹಿರಿಯರು ಕುಂತಿರೋವಾಗ ಅವ್ನು ಯಾಕ ಬಾಯಿ ಹಾಕ್ತಾನೆ? ಸಂಸ್ಕಾರ ಕಲ್ತ ಹುಡುಗ.’

ನಾನು ಇನ್ನೂ ಸ್ವಲ್ಪ ಹೊತ್ತು ಕಾದೆ. ಸುಳ್ಳು ಯಾಕೆ, ಅವನು ಆಗಲೂ ಒಂದು ಮಾತು, ಒಂದು ‘ಹ್ಞೂಂ’ ಅಂದಿದ್ದರೂ ನಾನು ಸೋತುಬಿಡುತ್ತಿದ್ದೆನೋ ಏನೋ. ನೋಡಲು ಲಕ್ಷಣವಾಗಿಯೇ ಇದ್ದ. ಅವನು ಕೇಸರಿಬಾತಿನಿಂದ ಒಂದು ದ್ರಾಕ್ಷಿ ಹೆಕ್ಕಿ ತಟ್ಟೆಯ ಅಂಚಿಗೆ ಇಟ್ಟ.

‘ಹಂಗಾರೆ ನಂಗೆ ಬ್ಯಾಡ’ ಎಂದೆ.

ಸಿದ್ದಲಿಂಗಪ್ಪನವರ ಮುಖ ನೋಡಬೇಕಿತ್ತು ನೀವು. ಅವರ ಇಡೀ ವೃತ್ತಿಜೀವನದಲ್ಲಿ ಪಾಸಾದವರು ಯಾರೂ ಸರ್ಟಿಫಿಕೇಟು ಬೇಡ ಅಂದಿರಲಿಲ್ಲ. ‘ಏನ್ರಿ ಇದು? ಪಾಸಾದ ಹುಡುಗಿ ಬ್ಯಾಡ ಅನ್ನೋದುಂಟಾ?’ ಎಂದು ಅಪ್ಪನನ್ನು ಕೇಳಿದರು. ಹರಿಹರದವರು ಎದ್ದರು. ಆದರೆ ಒಂದು ಮಾತು, ಸಿದ್ದಲಿಂಗಪ್ಪನವರು ಏಳುವ ಮುಂಚೆ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಪೂರ್ತಿ ಮುಗಿಸಿದರು. ಅವಮಾನ ಬೇರೆ, ಉಪ್ಪಿಟ್ಟು ಬೇರೆ.

ವ್ಯಾನು ಹೋದ ಮೇಲೆ ಅಪ್ಪ ಕುಸಿದು ಕೂತು, ‘ಇಷ್ಟು ಓದ್ಸಿದ್ದು ಇದಕ್ಕಾ?’ ಎಂದರು. ಅವ್ವ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತ, ‘ಇದಕ್ಕೇ ಓದ್ಸಿದ್ದು ಅಂತ ತಿಳ್ಕೊಳ್ರಿ’ ಎಂದಳು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಊರು ಮಾತ್ರ ಬಿಡಲಿಲ್ಲ. ಚೌಕಿಪೇಟೆಯ ಹುಡುಗಿ ಗಂಡಿನ ಕಡೆಯವರಿಗೇ ಪರೀಕ್ಷೆ ಮಾಡಿದಳಂತೆ, ಇಂಗ್ಲಿಷಿನಲ್ಲೇ ಬೈದಳಂತೆ. ಇಂಗ್ಲಿಷಿನಲ್ಲಿ ಬೈಯುವಷ್ಟು ಬಂದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೇ? ಸಮಾಧಾನ ಹೇಳುವ ನೆಪದಲ್ಲಿ ಒಬ್ಬೊಬ್ಬರೇ ನೆಂಟರು ಬಂದು, ಕಾಫಿ ಕುಡಿದು, ಚುಚ್ಚಿ ಹೋದರು. ‘ಅಕ್ಕ ಹಿಂಗಾದ್ರೆ ತಂಗಿ ಹೆಂಗೋ’ ಎಂದರು. ತಂಗಿಗೆ ಬಂದಿದ್ದ ಒಳ್ಳೆಯ ಸಂಬಂಧವೊಂದು ಆ ಮಾತಿಗೇ ತಪ್ಪಿಹೋಯಿತು. ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ಇದನ್ನು ಹೇಳುವಾಗ ಚೈತ್ರಾ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೇ ನೋಡುತ್ತಿದ್ದಳು. ಅವಳ ತಾಯಿ ಅದನ್ನು ಮಗಳಿಗೂ ಹೇಳಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತು, ನನ್ನ ಕಡೆ ನೋಡದೆ, ‘ಮನ್ಯಾಗೆ ಕುಂತು ಕಂಡೋರ ಮಾತು ಕೇಳೋದು ಬ್ಯಾಡ. ಅಂಗಡಿಗೆ ಬಾ’ ಎಂದರು. ಹೋದೆ. ಅವತ್ತು ಹೋದವಳು ಇವತ್ತಿಗೂ ಅಲ್ಲೇ ಇದ್ದೇನೆ. ಮದುವೆಯೂ ಆಯಿತು ಅನ್ನಿ, ತಡವಾಗಿ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿದ್ದ ನನ್ನ ಯಜಮಾನರು ನೋಡಲು ಬಂದರು. ಕೂತವರೇ ತಲೆಯೆತ್ತಿ, ‘ಫ್ಯಾನಿನ ಬೇರಿಂಗ್ ಹೋಗೈತೆ ನೋಡ್ರಿ’ ಎಂದರು. ಅದು ಹೆಣ್ಣು ನೋಡಲು ಬಂದವರು ಆಡುವ ಮಾತಲ್ಲ. ಆದರೆ ತಮ್ಮ ಬಾಯಿಂದ ತಾವೇ ಆಡಿದ ಮಾತು. ಅಷ್ಟು ಸಾಕಾಗಿತ್ತು ನನಗೆ.

ಸಿದ್ದಲಿಂಗಪ್ಪನವರ ಸುದ್ದಿ ಆಮೇಲೂ ಬರುತ್ತಿತ್ತು, ಯಾಕೆಂದರೆ ತಂಗಿಯನ್ನು ಕೊಟ್ಟದ್ದೂ ಹರಿಹರಕ್ಕೇ, ಅವರ ಮನೆಯಿಂದ ಎರಡು ಬೀದಿ ಆಚೆಗೆ. ರಿಟೈರಾದ ಮೇಲೆ ಅವರಿಗೆ ತಿದ್ದಲು ಹುಡುಗರು ಸಿಗದೆ ಊರಿನ ಬೋರ್ಡುಗಳನ್ನು ತಿದ್ದಲು ಹೊರಟಿದ್ದರಂತೆ. ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯ ಮುಂದೆ ‘ಮೀಲ್ಸ್ ರೆಡಿ’ ಎಂಬ ಬೋರ್ಡು ಕಂಡು, ಮಾಲೀಕನನ್ನು ಹೊರಗೆ ಕರೆಸಿ, ‘ಇದರಲ್ಲಿ ವರ್ಬ್ ಎಲ್ಲಿ?’ ಎಂದರಂತೆ. ಅವನು ಕೈ ಒರೆಸಿಕೊಳ್ಳುತ್ತ, ‘ಅನ್ನ ಐತೆ, ಸಾರು ಐತೆ, ಪಲ್ಯ ಐತೆ. ನೀವಂದಿದ್ದು ಇವತ್ತು ಮಾಡಿಲ್ಲ ಸಾರ್’ ಎಂದನಂತೆ. ಆ ಮಹಾನುಭಾವನಿಗೆ ನನ್ನದೊಂದು ನಮಸ್ಕಾರ.

ನಾನು ಮುಗಿಸಿದೆ. ಚೈತ್ರಾ, ‘ಅಂದ್ರೆ ನಾನು ಇವತ್ತು ಆ ಮನುಷ್ಯನ ಥರ ಇದ್ನಾ?’ ಎಂದಳು.

‘ಸಫಾರಿ ಒಂದು ಇರ್ಲಿಲ್ಲ.’

ಅವಳ ಕಣ್ಣು ತುಂಬಿತು, ಜೊತೆಗೇ ಸಿಟ್ಟೂ ಬಂತು. ‘ನಿಮಗೆ ಎಲ್ಲದರ ಮೇಲೂ ತಾತ್ಸಾರ ದೊಡ್ಡಮ್ಮ. ಹೆಸರೇ ಇಲ್ದೆ ಏನು ಕಲಿಸೋದು? ನಿಮ್ಮ ಅಂಗಡೀಲಿ ಕೊಳಗ, ತಪ್ಪೇಲಿ, ಚರಿಗೆ ಅಂತ ಹೆಸರಿಲ್ವಾ?’

‘ಅದಾವೆ. ಆದ್ರೆ ಗಿರಾಕಿ ಒಳಗೆ ಬಂದ ಕೂಡ್ಲೇ, ನಿಂತ್ಕೋ, ತಪ್ಪೇಲಿ ಅಂದ್ರೇನು ಹೇಳು ಅಂತ ಕೇಳಲ್ಲ. ಎಷ್ಟು ಮಂದೀಗೆ ಅಡುಗೆ ಮಾಡ್ಬೇಕವ್ವ ಅಂತ ಕೇಳ್ತೀನಿ.’

ಗೆದ್ದೆ ಅಂದುಕೊಂಡೆ. ಹುಡುಗಿ ಬಿಡಲಿಲ್ಲ. ಮೂಗು ಒರೆಸಿಕೊಂಡು ನೇರ ನನ್ನ ಮುಖ ನೋಡಿ ಕೇಳಿದಳು: ‘ಸರಿ. ಹಾಗಾದ್ರೆ ಒಂದು ಹೇಳಿ. ಹುಟ್ಟಿದಾಗಿಂದ ನೀವು ಒಂದು ಇಂಗ್ಲಿಷ್ ವಾಕ್ಯ ಮಾತಾಡಿದ್ದು ನಾನು ಕೇಳಿಲ್ಲ. ಬಿ.ಕಾಂ. ಓದಿದೋರು. ಇಂಗ್ಲಿಷ್ ಮಾತಾಡೋ ಗಿರಾಕಿ ಬಂದ್ರೆ ಕ್ಯಾಲ್ಕುಲೇಟರ್ ಮುಂದೆ ತಳ್ತೀರಿ. ಬೇಡ ಅಂದಿದ್ದು ಹುಡುಗನ್ನ ತಾನೆ? ಭಾಷೇನೂ ಯಾಕೆ ಆ ಲೆಕ್ಚರರ್ ಜೊತೆ ವ್ಯಾನಿನಲ್ಲಿ ಕಳಿಸಿಬಿಟ್ರಿ?’

‘ಅನ್ನ ಆರ್ತಾ ಐತೆ’ ಎಂದು ಎದ್ದುಹೋದೆ. ಉತ್ತರ ಇಲ್ಲದಾಗ ಅನ್ನ ಯಾವಾಗಲೂ ಆರುತ್ತಿರುತ್ತದೆ. ಆದರೆ ಮರುದಿನ ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ಕಂಡಾಗಲೆಲ್ಲ ಅವಳ ಮಾತು ಚುರುಕ್ ಎನ್ನುತ್ತಿತ್ತು. ನಾನು ತಲೆಯಲ್ಲಿ ಎಂಟು ವ್ಯಾಖ್ಯೆಗಳನ್ನು ಇಟ್ಟುಕೊಂಡು ಬಾಯಿಗೆ ಬೀಗ ಹಾಕಿಕೊಂಡು ಇಷ್ಟು ವರ್ಷ ಕೂತಿದ್ದೆ. ಅದನ್ನು ತಾತ್ಸಾರ ಎಂದು ಕರೆದುಕೊಂಡಿದ್ದೆ. ಹೆಸರು ಚೆನ್ನಾಗಿತ್ತು.

ಎರಡನೇ ಪಾಠಕ್ಕೆ ನಾನಾಗಿಯೇ ಹೋದೆ. ಹಾಲಮ್ಮನೂ ಬಂದಿದ್ದಳು. ಚೈತ್ರಾಳೇ ಹಿಂದಿನ ದಿನ ಫೋನು ಮಾಡಿ, ತಪ್ಪಾಯಿತು, ಬನ್ನಿ ಎಂದು ಕರೆದಿದ್ದಳಂತೆ. ಈ ಸಲ ಬೋರ್ಡು ಖಾಲಿ. ಚೈತ್ರಾ ಕುರ್ಚಿ ಎಳೆದುಕೊಂಡು ನಮ್ಮ ನಡುವೆಯೇ ಕೂತು, ನಿನ್ನೆ ನಿಮಗೆ ಏನಾಯಿತು ಹೇಳಿ ಎಂದು ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಕೇಳಿದಳು. ತಪ್ಪಾದರೆ ಆಗಲಿ ಎಂದಳು. ಹಾಲಮ್ಮ ಕೂತಲ್ಲಿಂದಲೇ, ಕರೆಂಟು ಹೋದದ್ದು, ಬ್ಲೌಸಿನ ತೋಳು ತಿರುಗಮುರುಗ ಆದದ್ದು, ಎರಡು ಭಾಷೆ ಕಲಸಿ ಹೇಳಿದಳು. ಆಮೇಲೆ ಚೈತ್ರಾ ನನ್ನ ಕಡೆ ತಿರುಗಿದಳು. ಮತ್ತೆ ‘ಅಂಗಡಿ ಐತೆ’ ಅಂದು ಏಳಬಹುದಿತ್ತು. ಆದರೆ ಹಿಂದಿನ ದಿನ ಅಂಗಡಿಯಲ್ಲಿ ಒಂದು ತಮಾಷೆ ನಡೆದಿತ್ತು. ಅದನ್ನು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ.

‘ಎಸ್ಟರ್‌ಡೇ ಒನ್ ಲೇಡಿ ಕಮ್’ ಎಂದೆ. ‘ನ್ಯೂ ಕುಕ್ಕರ್ ಬ್ರಿಂಗ್ ಬ್ಯಾಕ್. ಶೀ ವೆರಿ ಆಂಗ್ರಿ. ದಿಸ್ ಕುಕ್ಕರ್ ನೋ ವಿಸಲ್! ಮನಿ ಗಿವ್! ಐ ಓಪನ್. ಐ ಸೀ. ರಬ್ಬರ್ ನೋ! ರಬ್ಬರ್ ಇನ್ ಬಾಕ್ಸ್ ಓನ್ಲಿ!’

ಚೈತ್ರಾಳ ಕೈಯಲ್ಲಿ ಮಾರ್ಕರ್ ಚಡಪಡಿಸುತ್ತಿತ್ತು. ಒಂದೊಂದು ಮಾತಿನಲ್ಲಿ ಎರಡೆರಡು ತಪ್ಪು, ನನಗೇ ಗೊತ್ತಾಗುತ್ತಿತ್ತು. ಅವಳು ತಿದ್ದಲಿಲ್ಲ. ‘ಆಮೇಲೆ? ವಾಟ್ ಡಿಡ್ ಶೀ ಸೇ?’ ಎಂದು ಮುಂದಕ್ಕೆ ಬಗ್ಗಿದಳು. ನಿಜವಾಗಿಯೂ ಕೇಳಬೇಕೆಂದಿದ್ದವರ ಹಾಗೆ ಬಗ್ಗಿದಳು.

‘ಶೀ ಸೇ... ಬಾಕ್ಸ್ ಓಪನ್ ಮೈ ಹಸ್ಬಂಡ್!’

ಹಾಲಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸೂಪರ್‌ವೈಸರ್ ಬೆಂಚು ಗುದ್ದಿದ. ಹಿಂದೆ ಕೂತ ಮೇಡಂ ಕೂಡ ಬರೆಯುವುದು ಬಿಟ್ಟು ನಕ್ಕರು. ಅವರು ನಕ್ಕದ್ದು ನನ್ನ ಇಂಗ್ಲಿಷಿಗಲ್ಲ, ಕುಕ್ಕರಿನ ಹೆಂಗಸಿಗೆ. ನನಗೆ ಅದು ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ನಗು ಇಳಿದ ಮೇಲೆ ಚೈತ್ರಾ ನನ್ನ ಕಥೆಯ ಒಂದು ವಾಕ್ಯವನ್ನು ಮಾತ್ರ ಎತ್ತಿಕೊಂಡು, ಸರಿಯಾಗಿ ಹೇಳಿದಳು: ‘ಹರ್ ಹಸ್ಬಂಡ್ ಹ್ಯಾಡ್ ಲೆಫ್ಟ್ ದಿ ರಬ್ಬರ್ ಇನ್ ದಿ ಬಾಕ್ಸ್.’ ಎಲ್ಲರೂ ಹೇಳಿದೆವು. ಆ ಒಂದು ‘ಹ್ಯಾಡ್’ ಎಂಬ ಚೂರು ಗಂಡನ ಕೆಲಸವನ್ನು, ಹೆಂಡತಿ ಅಂಗಡಿಗೆ ಬರುವುದಕ್ಕಿಂತ ಹಿಂದಕ್ಕೆ, ಮನೆಗೆ ಕೊಂಡುಹೋಗಿ ಇಟ್ಟುಬಿಟ್ಟಿತು. ಬಿಟ್ಟ ಅಲ್ಲ, ಬಿಟ್ಟಿದ್ದ. ಅರೆ, ಇದು ನಮ್ಮಲ್ಲೂ ಇದೆಯಲ್ಲ ಎನಿಸಿತು. ಅದಕ್ಕೆ ಏನೋ ಒಂದು ದೊಡ್ಡ ಹೆಸರು ಇದ್ದೇ ಇರುತ್ತದೆ. ಚೈತ್ರಾ ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡದ್ದು ನನಗೆ ಕಂಡಿತು.

ಪಾಠ ಪಾಸಾಯಿತು. ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ದಾರಿಯಲ್ಲಿ ಮಿರ್ಚಿ ಗಾಡಿಯ ಮುಂದೆ ನಿಲ್ಲಿಸಿ ಒಂದು ಪೊಟ್ಟಣ ಕಟ್ಟಿಸಿದೆ. ‘ಹೇಗಿತ್ತು ದೊಡ್ಡಮ್ಮ? ಏನಾದ್ರೂ ಅನ್ರಿ. ಬೈದ್ರೂ ಪರ್ವಾಗಿಲ್ಲ’ ಎಂದಳು.

ಅನ್ನಲು ಒಂದೆರಡು ಮಾತು ಸಿದ್ಧವಾಗಿಯೇ ಇದ್ದವು. ಅಭ್ಯಾಸ ಬಿಡುತ್ತದೆಯೇ? ಆದರೆ ಬಾಯಿಂದ ಬಂದದ್ದು ಬೇರೆ: ‘ಇಂಗ್ಲಿಷ್‌ನಾಗೆ ಜಗಳ ಆಡೋದು ಯಾವತ್ತು ಹೇಳಿಕೊಡ್ತೀ?’

‘ಯಾರ ಜೊತೆ ಆಡ್ತೀರಾ?’

‘ಯಾರಾದ್ರೂ ಸಿಗ್ತಾರೆ ಬಿಡು.’

‘ಅದಕ್ಕೆ ಮೊದ್ಲು ಇಂಪರೆಟಿವ್ ಬರಬೇಕು’ ಎಂದುಬಿಟ್ಟು, ತಕ್ಷಣ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದಳು.

‘ಹಂಗಂದ್ರೇನು?’ ಎಂದೆ. ಅವಳು ಅನುಮಾನದಿಂದ ನೋಡುತ್ತಲೇ ಇದ್ದಳು. ನಾನು ವ್ಯಂಗ್ಯ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ‘ಹೇಳು. ಸುಮ್ಮನೆ ನಿಂತ್ಕೋಬ್ಯಾಡ. ಮಿರ್ಚಿ ಆರೋದ್ರೊಳಗೆ ಹೇಳು.’

‘ಇದೇ’ ಎಂದಳು.

‘ಯಾವುದು?’

‘ಈಗ ಅಂದ್ರಲ್ಲ, ಹೇಳು, ನಿಂತ್ಕೋಬ್ಯಾಡ ಅಂತ. ಅದೇ ದೊಡ್ಡಮ್ಮ, ಇಂಪರೆಟಿವ್.’

‘ಅಷ್ಟೇನಾ?’ ಎಂದೆ. ಒಂದು ಮಿರ್ಚಿ ಅವಳ ಕೈಗಿಟ್ಟೆ. ‘ಹಂಗಾರೆ ಅದು ನನಗೆ ಬರುತ್ತೆ. ಮುಂದಿಂದು ಹೇಳು.’